ಬೆಟ್ಟ ಹತ್ತುವವರ ಬುತ್ತಿ

ಊರು ಬಿಟ್ಟು ಹೊರಟವನಿಗೆ ದಾರಿಯ ಚಿಂತೆ ಒಂದಾದರೆ ಹೊಟ್ಟೆಯ ಚಿಂತೆ ಇನ್ನೊಂದು. ದಾರಿಯನ್ನು ಎದುರಿಗೆ ಬಂದವರಲ್ಲಿ ಕೇಳಿ ತಿಳಿಯಬಹುದು. ಹೊಟ್ಟೆಗೆ ಬೇಕಾದುದನ್ನು ಮಾತ್ರ ಮನೆಯಿಂದಲೇ ಕಟ್ಟಿಕೊಂಡು ಹೊರಡಬೇಕು. ಸಂಸ್ಕೃತದವರು ಇದನ್ನು ‘ಪಾಥೇಯ’ವೆಂದು ಕರೆದರು, ಕನ್ನಡದ ಮನೆಗಳಲ್ಲಿ ಇದು ‘ಬುತ್ತಿ’. ಉತ್ತರದ ಸೀಮೆಯವರಿಗೆ ಕಡಕ್ ಜೋಳದ ರೊಟ್ಟಿಯೂ ಶೇಂಗಾ ಹಿಂಡಿಯೂ ಬುತ್ತಿ. ಹಳೆಯ ಮೈಸೂರಿನವರಿಗೆ ಪುಳಿಯೋಗರೆ, ಮೊಸರನ್ನ. ಕೊನೆಗೆ ಏನೂ ಇಲ್ಲದವರಿಗೆ ಒಂದು ಹಿಡಿ ಅವಲಕ್ಕಿ, ಒಂದು ಅಚ್ಚು ಬೆಲ್ಲ. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ ಮಾಡುವ ಸಂಪ್ರದಾಯವಿರುವ ನಾಡಿಗೆ, ಬಯಲಿನಲ್ಲಿ ಕುಳಿತು ಉಣ್ಣುವ ಸುಖವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೂ ಈ ಪಂಕ್ತಿಗೆ ಹೊಸದೊಂದು ತಿಂಡಿ ಬಂದು ಕುಳಿತಿದೆ. ಅದರ ಹೆಸರು ಸ್ಯಾಂಡ್‌ವಿಚ್. ರಜೆ ಬಂತೆಂದರೆ ಬೆನ್ನಿಗೆ ಚೀಲ ಏರಿಸಿ ಬೆಟ್ಟಗುಡ್ಡಗಳ ಕಡೆ ಹೊರಡುವ ಇಂದಿನ ತರುಣರಿಗೆ ಅದು ಬಲು ಪ್ರಿಯ. ತಟ್ಟೆ ಬೇಡ, ಚಮಚ ಬೇಡ; ಕಲ್ಲಿನ ಮೇಲೆ ಕುಳಿತು, ಬೇಕಾದರೆ ನಿಂತುಕೊಂಡೇ, ಒಂದು ಕೈಯಲ್ಲಿ ಹಿಡಿದು ತಿಂದು ಮುಗಿಸಬಹುದು. ಇಷ್ಟೆಲ್ಲ ಅನುಕೂಲವಿರುವ ತಿಂಡಿಯಿಂದ ಅನರ್ಥವೂ ಆಗಬಹುದೆಂದರೆ ಬಹಳ ಮಂದಿ ನಂಬಲಾರರು. ಆದರೆ ಮೈಸೂರಿನ ಒಂದು ಮನೆಯ ಹುಡುಗನಿಗೆ ಅದು ಅನುಭವದಿಂದ ತಿಳಿಯಿತು.

ಆ ಹುಡುಗ ಕಾಲೇಜಿನ ವಿದ್ಯಾರ್ಥಿ. ಡಿಸೆಂಬರ್ ತಿಂಗಳಲ್ಲಿ ನಾಲ್ವರು ಗೆಳೆಯರೊಡನೆ ಕುಮಾರಪರ್ವತವನ್ನು ಹತ್ತಬೇಕೆಂದು ಹೊರಟ. 1712 ಮೀಟರ್ ಎತ್ತರದ ಆ ಶಿಖರ ಕುಕ್ಕೆ ಸುಬ್ರಹ್ಮಣ್ಯದ ಹಿಂದೆಯೇ ಎದ್ದು ನಿಂತಿದೆ. ಮೊದಲು ದಟ್ಟವಾದ ಕಾಡು. ಗಿರಿಗದ್ದೆಯನ್ನು ದಾಟಿದ ಮೇಲೆ ನೆರಳೆಂಬುದೇ ವಿರಳವಾದ ಹುಲ್ಲುಗಾವಲಿನ ಏರು. ಆಮೇಲೆ ಕಲ್ಲುಮಂಟಪ, ಶೇಷಪರ್ವತ, ಅದರಾಚೆಗೆ ಶಿಖರ. ಬುತ್ತಿಯ ಹೊಣೆಯನ್ನು ಆ ಹುಡುಗ ತಾನೇ ವಹಿಸಿಕೊಂಡ. ಮುಂಬಯಿಯ ಬೀದಿಯ ಸ್ಯಾಂಡ್‌ವಿಚ್ಚನ್ನು ಅವನು ಒಮ್ಮೆ ತಿಂದಿದ್ದ. ಅದನ್ನೇ ಮಾಡುವುದೆಂದು ನಿಶ್ಚಯಿಸಿ, ರಾತ್ರಿಯ ಬಸ್ಸಿಗೆ ಮುನ್ನ, ಸಂಜೆ ಎಂಟು ಗಂಟೆಯ ಹೊತ್ತಿಗೆ, ಬ್ರೆಡ್ಡಿಗೆ ತೆಂಗಿನಕಾಯಿ-ಕೊತ್ತಂಬರಿ ಸೊಪ್ಪಿನ ಚಟ್ನಿಯನ್ನು ದಪ್ಪನಾಗಿ ಬಳಿದು, ಬೇಯಿಸಿದ ಆಲೂಗಡ್ಡೆ, ಟೊಮ್ಯಾಟೊ, ಸೌತೆಕಾಯಿಗಳ ಬಿಲ್ಲೆಗಳನ್ನು ಇಟ್ಟು, ಉಪ್ಪು ಉದುರಿಸಿ, ಇಪ್ಪತ್ತು ಸ್ಯಾಂಡ್‌ವಿಚ್ಚುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿದ.

ಮರುದಿನ ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಕಲ್ಲುಮಂಟಪದ ಬಳಿ ಗಂಟು ಬಿಚ್ಚಿದಾಗ ಬ್ರೆಡ್ಡು ನೆನೆದ ಕಾಗದದಂತೆ ಕೈಗೆ ಅಂಟಿಕೊಂಡಿತು. ಹುಳಿಯ ವಾಸನೆ ಮೂಗಿಗೆ ಬಡಿಯಿತು. ಮೂವರು ಮೂಸಿ ನೋಡಿ ಕೆಳಗಿಟ್ಟರು. ನಾಲ್ಕನೆಯವನು ಸಂಕೋಚದ ಸ್ವಭಾವದವನು. ಗೆಳೆಯ ನಿದ್ದೆಗೆಟ್ಟು ಮಾಡಿದ್ದಾನೆ, ಬೇಡವೆಂದರೆ ನೊಂದುಕೊಂಡಾನು ಎಂದು ಎರಡು ಸ್ಯಾಂಡ್‌ವಿಚ್ಚುಗಳನ್ನು ತಿಂದುಬಿಟ್ಟ. ಎರಡು ಗಂಟೆ ಕಳೆಯುವಷ್ಟರಲ್ಲಿ ಅವನಿಗೆ ವಾಂತಿ ಆರಂಭವಾಯಿತು. ಕುಡಿಸಿದ ನೀರೂ ಒಳಗೆ ನಿಲ್ಲಲಿಲ್ಲ. ಶಿಖರ ಕಣ್ಣೆದುರಿಗೇ ಇತ್ತು. ಐವರೂ ಹಿಂದಕ್ಕೆ ತಿರುಗಿದರು. ಅವನ ಚೀಲವನ್ನು ಒಬ್ಬ, ಅವನನ್ನು ಇಬ್ಬರು ಹಿಡಿದುಕೊಂಡು ಇಳಿದು ಊರು ಮುಟ್ಟುವಾಗ ಕತ್ತಲಾಗಿತ್ತು. ವೈದ್ಯರು ಔಷಧ ಕೊಟ್ಟರು. ಎರಡು ದಿನದಲ್ಲಿ ಹುಡುಗ ಚೇತರಿಸಿಕೊಂಡ. ಆದರೆ ಅವನ ತಾಯಿ, “ಇನ್ನು ಮೇಲೆ ಅವರ ಕೈಯಡಿಗೆ ತಿನ್ನಲು ನಿನ್ನನ್ನು ಕಳಿಸುವುದಿಲ್ಲ” ಎಂದರು. ಆ ಮಾತು ಸುತ್ತಿ ಬಳಸಿ ಅಡಿಗೆ ಮಾಡಿದವನ ಕಿವಿಗೂ ಬಿದ್ದಿತು.

ಆತ ನಾಲ್ಕು ದಿನ ಮಂಕಾಗಿ ಕುಳಿತುದನ್ನು ಕಂಡು ಅವನ ಅಜ್ಜಿ ವಿಚಾರಿಸಿದರು. ಆಕೆಯ ಪತಿ ಮೋಜಣಿ ಇಲಾಖೆಯಲ್ಲಿದ್ದವರು. ತಿಂಗಳಲ್ಲಿ ಹತ್ತು ದಿನ ಸರಪಳಿ ಹಿಡಿದು ಹೊಲಗದ್ದೆ, ಕಾಡುಮೇಡು ಅಳೆಯುತ್ತಿದ್ದವರು. ಅವರಿಗೆ ಬುತ್ತಿ ಕಟ್ಟಿ ಕಟ್ಟಿ ಪಳಗಿದ ಕೈ ಆಕೆಯದು. ಮೊಮ್ಮಗನ ಕಥೆಯನ್ನು ಕೇಳಿ ಆಕೆ ಬೈಯಲಿಲ್ಲ. ಮೂರೇ ಪ್ರಶ್ನೆ ಕೇಳಿದರು.

“ಯಾವಾಗ ಕಟ್ಟಿದೆಯೋ?”

“ರಾತ್ರಿ ಎಂಟಕ್ಕೆ, ಅಜ್ಜಿ.”

“ತಿಂದದ್ದು?”

“ಮಾರನೆಯ ದಿನ ಹನ್ನೆರಡಕ್ಕೆ.”

“ಒಳಗೆ ಹಸಿಯದು, ಒದ್ದೆಯದು ಏನೇನಿತ್ತು?”

ಹುಡುಗ ಒಂದೊಂದಾಗಿ ಹೇಳುತ್ತ ಬಂದಂತೆ ಅವನಿಗೇ ಉತ್ತರ ಹೊಳೆಯಿತು. ಕಟ್ಟಿದುದಕ್ಕೂ ಬಿಚ್ಚಿದುದಕ್ಕೂ ನಡುವೆ ಹದಿನಾರು ಗಂಟೆ, ಒಳಗಿದ್ದುದೆಲ್ಲವೂ ನೀರು.

“ಮುಂಬಯಿಯವರು ಅದನ್ನು ರಸ್ತೆಯ ಬದಿಯಲ್ಲಿ ಆಗಲೇ ಮಾಡಿ, ಆಗಲೇ ಕೊಡುತ್ತಾರೆ. ಅದು ನಿಂತು ತಿನ್ನುವ ತಿಂಡಿ ಕಣೋ, ಹೊತ್ತು ನಡೆಯುವ ತಿಂಡಿಯಲ್ಲ” ಎಂದರು ಅಜ್ಜಿ.

ಈ ಒಂದು ಮಾತಿನಲ್ಲಿ ಬುತ್ತಿಯ ಶಾಸ್ತ್ರವೆಲ್ಲ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಸ್ಯಾಂಡ್‌ವಿಚ್ಚಿನ ಜನ್ಮವೃತ್ತಾಂತವನ್ನು ನೋಡಿದರೂ ಇದೇ ಸಂಗತಿ ಸ್ಪಷ್ಟವಾಗುತ್ತದೆ. ಸ್ಯಾಂಡ್‌ವಿಚ್ ಎಂಬುದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಂದು ಪಟ್ಟಣ. ಆ ಹೆಸರಿನ ಮನೆತನದ ನಾಲ್ಕನೆಯ ಅರ್ಲ್ ಜಾನ್ ಮಾಂಟೆಗ್ಯು (1718–1792) ಎಂಬಾತನಿಂದ ತಿಂಡಿಗೆ ಈ ಹೆಸರು ಬಂದಿತು. ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ 1762ರ ನವೆಂಬರಿನಲ್ಲಿ ಬರೆದ ದಿನಚರಿಯಲ್ಲಿ ಆ ಮಾತು ತಿಂಡಿಯ ಹೆಸರಾಗಿ ಕಾಣಿಸಿಕೊಂಡಿದೆ. ಜೂಜಿನ ಮೇಜನ್ನು ಬಿಟ್ಟೇಳಲಾರದ ಮಂತ್ರಿಯೊಬ್ಬನು ರೊಟ್ಟಿಯ ಹೋಳುಗಳ ನಡುವೆ ಮಾಂಸವನ್ನಿಟ್ಟು ತಿನ್ನುತ್ತ ಇಪ್ಪತ್ತನಾಲ್ಕು ಗಂಟೆ ಕಳೆದನೆಂಬ ಕಥೆಯನ್ನು ಗ್ರೋಸ್ಲಿ ಎಂಬ ಫ್ರೆಂಚ್ ಪ್ರವಾಸಿಯು 1770ರಲ್ಲಿ ಪ್ರಕಟಿಸಿದ. ಅರ್ಲನ ಜೀವನಚರಿತ್ರೆಯನ್ನು ಬರೆದ ರಾಡ್ಜರ್ ಎಂಬ ವಿದ್ವಾಂಸರ ಅಭಿಪ್ರಾಯ ಬೇರೆ: ನೌಕಾಖಾತೆಯ ಮುಖ್ಯಸ್ಥನಾಗಿದ್ದ ಆತ ಕೆಲಸದ ಮೇಜಿನಲ್ಲಿಯೇ ಅದನ್ನು ತಿಂದಿರುವುದು ಹೆಚ್ಚು ಸಂಭವನೀಯವಂತೆ. ಜೂಜಿನ ಮೇಜೋ ಕೆಲಸದ ಮೇಜೋ, ಅಂತೂ ಅದು ಮೇಜಿನ ತಿಂಡಿ. ಅಡಿಗೆಮನೆಯಿಂದ ಮೇಜಿಗೆ ಕೆಲವು ಹೆಜ್ಜೆಗಳ ದಾರಿ. ಅದನ್ನು ಬೆಟ್ಟಕ್ಕೆ ಕೊಂಡೊಯ್ಯುವವನು ಅದರ ಸ್ವಭಾವವನ್ನೇ ತಿದ್ದಬೇಕಾಗುತ್ತದೆ.

ತಿದ್ದಿದವರೂ ಉಂಟು. 1953ರ ಮೇ 28ರ ರಾತ್ರಿ, ಎವರೆಸ್ಟಿನ ಕೊನೆಯ ಬಿಡಾರದಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಇಬ್ಬರೂ ತಿಂದುದರಲ್ಲಿ ಬಿಸ್ಕತ್ತಿನ ಮೇಲಿಟ್ಟ ಸಾರ್ಡೀನ್ ಮೀನು, ಡಬ್ಬಿಯ ಏಪ್ರಿಕಾಟ್ ಹಣ್ಣು, ಖರ್ಜೂರ, ಜ್ಯಾಮು, ಜೇನು ಇವೆಲ್ಲ ಸೇರಿದ್ದವು. ಬಿಸ್ಕತ್ತಿನ ಮೇಲೆ ಮೀನು ಎಂದರೆ ಸ್ಯಾಂಡ್‌ವಿಚ್ಚಿನ ದಾಯಾದಿಯೇ. ಆದರೆ ಅಲ್ಲಿ ರೊಟ್ಟಿಯ ಬದಲು ಒಣಗಿದ ಬಿಸ್ಕತ್ತು. ಹಸಿಯ ಹೂರಣದ ಬದಲು ಡಬ್ಬಿಯೊಳಗೆ ಭದ್ರವಾದ ಹೂರಣ. ಎರಡನ್ನೂ ಕೂಡಿಸಿದ್ದು ತಿನ್ನುವ ಹೊತ್ತಿನಲ್ಲಿ. ಮಾರನೆಯ ದಿನ ಶಿಖರವನ್ನು ಮುಟ್ಟಿದಾಗ ತೇನ್‌ಸಿಂಗ್ ತನ್ನ ಬಳಿಯಿದ್ದ ಮಿಠಾಯಿ, ಬಿಸ್ಕತ್ತುಗಳನ್ನು ಹಿಮದಲ್ಲಿ ಹೂತು ದೇವರಿಗೆ ನಿವೇದಿಸಿದ. ಬುತ್ತಿ ಅಲ್ಲಿ ನೈವೇದ್ಯವೂ ಆಯಿತು.

ಇನ್ನು, ಹೂರಣ ಏಕೆ ಕೆಟ್ಟಿತೆಂಬುದನ್ನು ನೋಡೋಣ. ಸೌತೆಕಾಯಿಯಲ್ಲಿಯೂ ಟೊಮ್ಯಾಟೊದಲ್ಲಿಯೂ ನೂರಕ್ಕೆ ಸುಮಾರು ತೊಂಬತ್ತೈದು ಪಾಲು ನೀರೇ. ಅದರ ಮೇಲೆ ಉಪ್ಪು ಬಿದ್ದೊಡನೆ ಒಳಗಿನ ನೀರು ಹೊರಕ್ಕೆ ಜಿನುಗುತ್ತದೆ; ಬ್ರೆಡ್ಡು ಅದನ್ನು ಹೀರಿ ಮೆತ್ತಗಾಗುತ್ತದೆ. ಇದು ರುಚಿಯ ಕೇಡು. ಇದಕ್ಕಿಂತ ದೊಡ್ಡದು ಆರೋಗ್ಯದ ಕೇಡು. ಬೇಯಿಸಿದ ಆಲೂಗಡ್ಡೆ, ಅರೆದ ಹಸಿ ತೆಂಗಿನಕಾಯಿ, ಮೊಟ್ಟೆ, ಅನ್ನ ಇಂತಹ ತೇವವುಳ್ಳ ಆಹಾರಗಳು 5ರಿಂದ 60 ಡಿಗ್ರಿ ಸೆಂಟಿಗ್ರೇಡಿನ ನಡುವಣ ಶಾಖದಲ್ಲಿದ್ದರೆ ಸೂಕ್ಷ್ಮಜೀವಿಗಳು ಅತಿ ವೇಗವಾಗಿ ವೃದ್ಧಿಯಾಗುತ್ತವೆ. ಇಂತಹ ಪದಾರ್ಥಗಳನ್ನು ಎರಡು ಗಂಟೆಗಿಂತ ಹೆಚ್ಚು ಕಾಲ, ಶಾಖವು 32 ಡಿಗ್ರಿಯನ್ನು ಮೀರಿದ್ದರೆ ಒಂದು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದೆಂಬುದು ಆಹಾರತಜ್ಞರ ನಿಯಮ. ಮನುಷ್ಯನ ಕೈಯಿಂದಲೇ ಆಹಾರಕ್ಕೆ ಅಂಟುವ ಸ್ಟ್ಯಾಫಿಲೊಕಾಕಸ್ ಎಂಬ ಜೀವಿಯು ಹೀಗೆ ಬೆಳೆದು ವಿಷವನ್ನು ಬಿಡುತ್ತದೆ. ಆ ವಿಷ ಹೊಟ್ಟೆ ಸೇರಿದ ಕೆಲವೇ ಗಂಟೆಗಳಲ್ಲಿ ವಾಂತಿಯಾಗುತ್ತದೆ. ಒಮ್ಮೆ ಹುಟ್ಟಿದ ಈ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಎಲ್ಲ ಕೆಟ್ಟ ಆಹಾರಕ್ಕೂ ಕೆಟ್ಟ ವಾಸನೆ ಇರುತ್ತದೆಂಬ ನಂಬಿಕೆಯೂ ತಪ್ಪು. ಆದುದರಿಂದ ಮೂಗನ್ನು ನಂಬುವುದಕ್ಕಿಂತ ಗಡಿಯಾರವನ್ನು ನಂಬುವುದು ಲೇಸು.

ಅಜ್ಜಿಗೆ ಜೀವಿಯ ಹೆಸರು ತಿಳಿದಿರಲಿಲ್ಲ. ಅದರ ನಡವಳಿಕೆ ಮಾತ್ರ ಚೆನ್ನಾಗಿ ತಿಳಿದಿತ್ತು. “ಒಣಗಿದ್ದು, ಹುಳಿಯಿದ್ದು, ಎಣ್ಣೆಯಲ್ಲಿ ಮುಳುಗಿದ್ದು, ಸಿಹಿಯಲ್ಲಿ ಪಾಕವಾದದ್ದು ಇವು ನಾಲ್ಕೂ ದಾರಿಗೆ ಬರುತ್ತವೆ. ಹಸಿಕಾಯಿ ಬರುವುದಿಲ್ಲ. ನೀರು ಬೇಕೆಂದರೆ ಬೇರೆ ಹೊತ್ತುಕೋ” ಎಂದರು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಬೆಲ್ಲದ ಪಾಕ ಇವೆಲ್ಲ ಬಾಳಿಕೆ ಬರುವುದು ಈ ನಾಲ್ಕರ ಬಲದಿಂದಲೇ.

ಅಲ್ಲಿಂದ ಮುಂದೆ ಅಜ್ಜಿ-ಮೊಮ್ಮಗ ಇಬ್ಬರೂ ಅಡಿಗೆಮನೆಯಲ್ಲಿ ಕುಳಿತು ಹೊಸ ಬಗೆಯ ಬುತ್ತಿಯನ್ನು ಕಲ್ಪಿಸಿದರು. ರೊಟ್ಟಿ ಪರದೇಶದ್ದು, ಹೂರಣ ಮನೆಯದು. ಅವರು ಕಂಡುಕೊಂಡುದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಡಲಾಗಿದೆ.

ಮೊದಲು ಬ್ರೆಡ್ಡಿನ ವಿಚಾರ. ಯಂತ್ರದಿಂದ ಹೋಳು ಮಾಡಿದ ಬ್ರೆಡ್ಡು ಮಾರಾಟಕ್ಕೆ ಬಂದುದು 1928ರಲ್ಲಿ, ಅಮೆರಿಕದ ಚಿಲಿಕಾತೆ ಎಂಬ ಊರಿನಲ್ಲಿ. ಓಟ್ಟೊ ರೋವೆಡರ್ ಎಂಬಾತನ ಯಂತ್ರ ಅದಕ್ಕೆ ಕಾರಣ. ಯಂತ್ರದ ತೆಳುವಾದ ಹೋಳು ಮನೆಗೆ ಸರಿ; ಬೆನ್ನುಚೀಲದ ಒತ್ತಡಕ್ಕೆ ತಡೆಯಲಾರದು. ಬೇಕರಿಯಲ್ಲಿ ಇಡೀ ಬ್ರೆಡ್ಡನ್ನು ಕೊಂಡು ಅರ್ಧ ಅಂಗುಲಕ್ಕೂ ಮಿಗಿಲಾದ ಹೋಳುಗಳನ್ನು ಕೈಯಿಂದ ಕತ್ತರಿಸುವುದು ಮೇಲು. ಅಯ್ಯಂಗಾರ್ ಬೇಕರಿಯ ಖಾರದ ಬನ್ನು ಸಿಕ್ಕಿದರೆ ಇನ್ನೂ ಒಳ್ಳೆಯದು. ಅದರಲ್ಲಿ ಮೆಣಸಿನಕಾಯಿ, ಈರುಳ್ಳಿಗಳು ಮೊದಲೇ ಬೆಂದು ಸೇರಿರುತ್ತವೆ. ಬ್ರೆಡ್ಡನ್ನು ಶೀತಕಪಾಟಿನಲ್ಲಿ ಇಡಬಾರದು. ಅಲ್ಲಿಯ ತಣ್ಪಿನಲ್ಲಿ ಅದರ ಪಿಷ್ಟವು ಬೇಗ ಗಟ್ಟಿಯಾಗಿ ಬ್ರೆಡ್ಡು ಬಿರುಸಾಗುತ್ತದೆ. ಹೋಳಿನ ಒಳಮೈಯನ್ನು ಮಾತ್ರ ಕಾವಲಿಯ ಮೇಲೆ ಸುಟ್ಟು, ಪೂರ್ತಿ ಆರಿಸಿ, ಅದರ ಮೇಲೆ ತುಪ್ಪವನ್ನೋ ಬೆಣ್ಣೆಯನ್ನೋ ಅಂಚಿನವರೆಗೂ ಸವರಬೇಕು. ಈ ಜಿಡ್ಡು ರುಚಿಗಷ್ಟೇ ಅಲ್ಲ. ಹೂರಣದ ತೇವವು ಬ್ರೆಡ್ಡಿಗೆ ಇಳಿಯದಂತೆ ಅದು ಅಡ್ಡಗೋಡೆಯಾಗಿ ನಿಲ್ಲುತ್ತದೆ.

ಇನ್ನು ಹೂರಣಗಳು. ಇಲ್ಲಿಯ ಅಳತೆ ನಾಲ್ಕು ಸ್ಯಾಂಡ್‌ವಿಚ್ಚುಗಳಿಗೆ.

ಮೊದಲನೆಯದು ಶೇಂಗಾ-ಬೆಲ್ಲದ ಹೂರಣ. ಒಂದು ಬಟ್ಟಲು ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಸಿಪ್ಪೆ ತೆಗೆದು, ಎಣ್ಣೆ ಬಿಡುವವರೆಗೂ ಅರೆಯಬೇಕು. ನೀರು ಸೋಕಿಸಬಾರದು. ಎರಡು ದೊಡ್ಡ ಚಮಚ ಬೆಲ್ಲದ ಪುಡಿ, ಒಂದು ಚಮಚ ಹುರಿದ ಎಳ್ಳು, ಚಿಟಿಕೆ ಉಪ್ಪು, ಒಂದು ಏಲಕ್ಕಿಯ ಪುಡಿಯನ್ನು ಸೇರಿಸಿದರೆ ಆಯಿತು. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 560 ಕ್ಯಾಲೊರಿ ಶಕ್ತಿಯೂ 25 ಗ್ರಾಂ ಸಸಾರಜನಕವೂ ಇದೆ. ಎರಡು ಹೋಳು ಬ್ರೆಡ್ಡು, ಎರಡು ಚಮಚ ಈ ಹೂರಣ ಸೇರಿದರೆ ಮುನ್ನೂರಕ್ಕೂ ಹೆಚ್ಚು ಕ್ಯಾಲೊರಿಯಾಗುತ್ತದೆ. ಏರುದಾರಿಯಲ್ಲಿ ಕಾಲು ಸೋತವನಿಗೆ ಇದು ಆಧಾರ.

ಎರಡನೆಯದು ಪುಳಿಯೋಗರೆ ಗೊಜ್ಜಿನದು. ಹುಣಸೆಯ ರಸ, ಬೆಲ್ಲ, ಸಾರಿನ ಪುಡಿ, ಮೆಂತ್ಯ, ಇಂಗು ಇವನ್ನು ಎಳ್ಳೆಣ್ಣೆಯಲ್ಲಿ ನೀರಿನಂಶವೆಲ್ಲ ಹೋಗಿ ಎಣ್ಣೆ ಮೇಲೆ ತೇಲುವವರೆಗೆ ಕುದಿಸಿ ಗಟ್ಟಿ ಮಾಡಿದ ಗೊಜ್ಜನ್ನು, ತುಪ್ಪ ಸವರಿದ ಹೋಳಿನ ಮೇಲೆ ತೆಳುವಾಗಿ, ಒಂದು ಹೋಳಿಗೆ ಒಂದೇ ಚಮಚದಂತೆ ಬಳಿದು, ಹುರಿದ ಕಡಲೆಕಾಯಿ ಬೀಜವನ್ನು ಒರಟಾಗಿ ಕುಟ್ಟಿ ಉದುರಿಸಬೇಕು. ಅನ್ನದೊಡನೆ ಸ್ನೇಹ ಬೆಳೆಸಿದ ಗೊಜ್ಜು ಬ್ರೆಡ್ಡಿನೊಡನೆಯೂ ಕೂಡಿಬಾಳುವುದನ್ನು ಕಂಡು ಅಜ್ಜಿಯೇ ಬೆರಗಾದರು.

ಮೂರನೆಯದು ಚಟ್ನಿಪುಡಿ-ಸೌತೆಕಾಯಿಯದು. ತುಪ್ಪ ಸವರಿದ ಹೋಳಿಗೆ ಒಂದು ಚಮಚ ಚಟ್ನಿಪುಡಿಯನ್ನೋ ಶೇಂಗಾ ಹಿಂಡಿಯನ್ನೋ ಒತ್ತಿ ಮುಚ್ಚಿಡುವುದು. ಪುಡಿಯಲ್ಲಿ ಕೊಬ್ಬರಿ ಇರಬಹುದು, ಹಸಿ ತೆಂಗಿನಕಾಯಿ ಇರಕೂಡದು. ಸೌತೆಕಾಯಿಯನ್ನು ತೊಳೆದು, ಒರೆಸಿ, ಇಡಿಯಾಗಿಯೇ ಕೊಂಡೊಯ್ದು, ತಿನ್ನುವ ಹೊತ್ತಿಗೆ ಹೆಚ್ಚಿ ನಡುವೆ ಇಟ್ಟುಕೊಳ್ಳಬೇಕು. ಇಡೀ ಸೌತೆಕಾಯಿಗೆ ತನ್ನ ಸಿಪ್ಪೆಯೇ ಡಬ್ಬಿ. ಹೊತ್ತ ನೀರೂ ಹೌದು, ತರಕಾರಿಯೂ ಹೌದು.

ನಾಲ್ಕನೆಯದು ಖರ್ಜೂರದ್ದು. ಹತ್ತು ಮೆತ್ತನೆಯ ಖರ್ಜೂರಗಳ ಬೀಜ ತೆಗೆದು, ಒಂದು ಚಮಚ ತುಪ್ಪದಲ್ಲಿ ಮಸೆದು, ಹುರಿದ ಗೋಡಂಬಿ ಚೂರು, ಚೂರು ಒಣಶುಂಠಿಯನ್ನು ಬೆರೆಸುವುದು. ಇಳಿಯುವ ದಾರಿಯಲ್ಲಿ, ಸಂಜೆಯ ಹಸಿವಿಗೆ ಇದು ತಕ್ಕುದು.

ಕಟ್ಟುವ ಕ್ರಮಕ್ಕೂ ಅಷ್ಟೇ ಗಮನ ಬೇಕು. ಬಿಸಿಯಾಗಿರುವಾಗ ಕಟ್ಟಿದರೆ ಒಳಗಿನ ಹಬೆ ನೀರಾಗುತ್ತದೆ. ಆರಿದ ಮೇಲೆಯೇ ಕಟ್ಟಬೇಕು. ಬಾಳೆಯೆಲೆಯನ್ನು ಉರಿಯ ಮೇಲೆ ಬಾಡಿಸಿ, ಒರೆಸಿ ಸುತ್ತಿ, ಮೇಲೆ ಹತ್ತಿಯ ಬಟ್ಟೆ ಕಟ್ಟಿದರೆ ಬ್ರೆಡ್ಡು ಬೆವರುವುದೂ ಇಲ್ಲ, ಒಣಗುವುದೂ ಇಲ್ಲ. ಗಂಟನ್ನು ಚಪ್ಪಟೆಯಾದ ಸ್ಟೀಲು ಡಬ್ಬಿಯಲ್ಲಿಟ್ಟರೆ ನಜ್ಜುಗುಜ್ಜಾಗುವ ಭಯವಿಲ್ಲ, ಇರುವೆಯ ಕಾಟವೂ ಇಲ್ಲ. ದೂರದ ಪ್ರಯಾಣವಾದರೆ ಹೂರಣಗಳನ್ನು ಬೇರೆ, ಬ್ರೆಡ್ಡನ್ನು ಬೇರೆ ಕೊಂಡೊಯ್ದು, ಬೆಟ್ಟದ ಬುಡದಲ್ಲಿ ಬೆಳಗ್ಗೆ ಕೈ ತೊಳೆದು ಕೂಡಿಸುವುದು ಉತ್ತಮ. ಕೈ ತೊಳೆಯುವ ಮಾತನ್ನು ಯಾರೂ ಹಗುರವಾಗಿ ಎಣಿಸಬಾರದು. ಮೇಲೆ ಹೇಳಿದ ಜೀವಿ ಕೈಯಿಂದಲೇ ಬರುವುದೆಂಬುದು ನೆನಪಿರಲಿ. ತಿಂದ ಮೇಲೆ ಉಳಿದುದನ್ನು ಕೋತಿಗಳಿಗೆ ಎಸೆಯುವುದೂ ಬೇಡ. ಒಮ್ಮೆ ರುಚಿ ಕಂಡ ಕೋತಿ ಮುಂದೆ ಬರುವವರ ಚೀಲಕ್ಕೆ ಕೈ ಹಾಕುತ್ತದೆ. ಹೊತ್ತು ಹೋದ ಪ್ರತಿಯೊಂದು ಕಾಗದವೂ ಚೀಲವೂ ಹೊತ್ತವನ ಜತೆಯಲ್ಲಿಯೇ ಊರಿಗೆ ಮರಳಬೇಕು.

ಜನವರಿಯಲ್ಲಿ ಆ ಐವರು ಮತ್ತೆ ಅರಣ್ಯ ಇಲಾಖೆಯ ಅನುಮತಿ ಪಡೆದರು. ಹಿಂದೆ ಕಾಯಿಲೆ ಬಿದ್ದವನ ಮನೆಗೆ ನಮ್ಮ ಹುಡುಗ ತಾನೇ ಹೋದ. ಅವನ ತಾಯಿಯ ಮುಂದೆ ತಲೆ ತಗ್ಗಿಸಿ, “ಅಮ್ಮಾ, ಹಿಂದಿನದು ನನ್ನ ತಪ್ಪು. ಈ ಸಲ ಏನೇನು ಹಾಕಿದ್ದೇನೆ, ಯಾವಾಗ ಮಾಡಿದ್ದೇನೆ ಎಂದು ಬರೆದು ತಂದಿದ್ದೇನೆ. ನೀವೇ ನೋಡಿ ಹೇಳಿ” ಎಂದ. ಆಕೆ ಚೀಟಿಯನ್ನು ಎರಡು ಸಲ ಓದಿದರು. “ತೆಂಗಿನಕಾಯಿ ಇಲ್ಲ ತಾನೆ?” ಎಂದು ಕೇಳಿದರು. ಇಲ್ಲವೆಂದ. ಆಕೆ ಒಳಗೆ ಹೋಗಿ ಒಂದು ಸಣ್ಣ ಸೀಸೆ ನಿಂಬೆಕಾಯಿಯ ಉಪ್ಪಿನಕಾಯಿಯನ್ನು ತಂದು ಅವನ ಕೈಯಲ್ಲಿಟ್ಟರು. ಒಪ್ಪಿಗೆಯ ಮಾತನ್ನು ಬೇರೆಯಾಗಿ ಆಡಲಿಲ್ಲ.

ಕಲ್ಲುಮಂಟಪದ ಬಳಿ, ಅದೇ ಹನ್ನೆರಡರ ಬಿಸಿಲಿನಲ್ಲಿ, ಗಂಟು ಬಿಚ್ಚಿತು. ನಾಲ್ವರೂ ಒಬ್ಬನ ಮುಖವನ್ನೇ ನೋಡುತ್ತಿದ್ದರು. ಆ ಸಂಕೋಚದ ಹುಡುಗ ಬಾಳೆಯೆಲೆಯನ್ನು ಬಿಡಿಸಿ, ಒಂದು ಕ್ಷಣ ಸುಮ್ಮನಿದ್ದು, ಬಳಿಕ ಒಂದು ತುತ್ತು ಕಚ್ಚಿದ. “ಇದೇನೋ, ಪುಳಿಯೋಗರೆ ಇದ್ದಹಾಗಿದೆಯಲ್ಲ!” ಎಂದ. ಇನ್ನೊಂದು ಬೇಕೆಂದು ಕೈ ಚಾಚಿದ. ಮೂರು ಗಂಟೆಗೆ ಮುನ್ನ ಐವರೂ ಶಿಖರದ ಮೇಲಿದ್ದರು.

ಹಿಂದಿರುಗಿ ಬಂದು ಮೊಮ್ಮಗ ಇದನ್ನೆಲ್ಲ ಹೇಳಿದಾಗ ಅಜ್ಜಿ ಖಾಲಿ ಡಬ್ಬಿಯನ್ನು ತೆರೆದು ನೋಡಿದರು. ಬುತ್ತಿ ಕಟ್ಟಿದವರಿಗೆ ಖಾಲಿ ಡಬ್ಬಿಗಿಂತ ದೊಡ್ಡ ಪ್ರಶಸ್ತಿ ಇಲ್ಲ. “ಮುಂದಿನ ಸಲ ನಾನೇ ಕಟ್ಟಿಕೊಡಲೇನೋ?” ಎಂದು ಕೇಳಿದರು.

“ಬೇಡ ಅಜ್ಜಿ, ನಾನೇ ಕಟ್ಟುತ್ತೇನೆ. ನೀನು ಒಂದು ಸಲ ನೋಡು, ಸಾಕು” ಎಂದ ಹುಡುಗ.

ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂದು ಹಿರಿಯರು ಗಾದೆ ಕಟ್ಟಿದ್ದಾರೆ. ಎರಡೂ ಒಂದು ದಿನ ತೀರುತ್ತವೆ. ಬುತ್ತಿ ಕಟ್ಟುವುದನ್ನು ತಾನೇ ಕಲಿತವನಿಗೆ ಆ ಭಯವಿಲ್ಲ. ಅವನ ಜತೆಗೆ ನಡೆಯುವವರಿಗೂ ಇಲ್ಲ.